ಬೀಗದ ಪೆಟ್ಟಿಗೆ ಮತ್ತು 24 ಪದಗಳ ಚೀಟಿ

ಹೊನ್ನಿನ ನಾಣ್ಯಗಳನ್ನು ಕೊಪ್ಪರಿಗೆಯಲ್ಲಿ ತುಂಬಿ ಹಿತ್ತಲಿನಲ್ಲಿಯೋ ದೇವರಮನೆಯ ನೆಲದಡಿಯಲ್ಲಿಯೋ ಹೂತಿಡುವ ಪದ್ಧತಿ ಹಿಂದಿನ ಕಾಲದಲ್ಲಿ ಇದ್ದಿತು. ಹೂತಿಟ್ಟ ಸ್ಥಳ ಮನೆಯ ಯಜಮಾನನೊಬ್ಬನಿಗೇ ಗೊತ್ತು. ಕಳ್ಳನಿಗೆ ತಿಳಿಯಬಾರದೆಂದು ಎಚ್ಚರ ವಹಿಸಿದ ಆ ಯಜಮಾನ, ಹೆಂಡತಿ ಮಕ್ಕಳಿಗೂ ಅದೇ ಎಚ್ಚರದಿಂದ ಆ ಸ್ಥಳವನ್ನು ಮರೆಮಾಚುತ್ತಿದ್ದ. ಕಡೆಗಾಲದಲ್ಲಿ ಮಾತು ನಿಂತು, ಕೈಸನ್ನೆಯಿಂದ ಏನನ್ನೋ ತೋರಿಸಲು ಹೋಗಿ, ತೋರಿಸಲಾರದೆಯೇ ಕಣ್ಣು ಮುಚ್ಚಿದ ಯಜಮಾನನ ಕಥೆಯೂ, ಆ ಬಳಿಕ ಹಿತ್ತಲನ್ನೆಲ್ಲ ಅಗೆದು ಸೋತ ಮಕ್ಕಳ ಕಥೆಯೂ ಕನ್ನಡ ನಾಡಿನ ಹಳ್ಳಿಗಳಲ್ಲಿ ಅಪರೂಪವೇನಲ್ಲ. ನಿಕ್ಷೇಪವನ್ನು ಸರ್ಪ ಕಾಯುತ್ತದೆ ಎಂಬ ನಂಬಿಕೆ ಹುಟ್ಟಿದ್ದೂ ಬಹುಶಃ ಇಂತಹ ಸೋಲಿನ ಸಮಾಧಾನಕ್ಕಾಗಿಯೇ ಇರಬೇಕು.

ಬ್ಯಾಂಕುಗಳೂ ಅಂಚೆ ಕಚೇರಿಯ ಉಳಿತಾಯ ಪುಸ್ತಕಗಳೂ ಬಂದ ಮೇಲೆ ಈ ಕಥೆ ಮುಗಿಯಿತೆಂದೇ ಎಲ್ಲರೂ ಭಾವಿಸಿದರು. ಆದರೆ ಅದು ಹೊಸ ವೇಷ ತೊಟ್ಟು ಮರಳಿ ಬಂದಿದೆ. ಹಿಂಜವಡಿಯಲ್ಲಿಯೋ ಖರಾಡಿಯಲ್ಲಿಯೋ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ಮಗನ ಮೇಜಿನ ಖಾನೆಯಲ್ಲಿ ಇಂದು ಹೆಬ್ಬೆರಳ ಗಾತ್ರದ ಒಂದು ಸಾಧನ ಇರುವುದುಂಟು. ನೋಟಕ್ಕೆ ಅದು ಪೆನ್ ಡ್ರೈವ್‌ನಂತೆಯೇ ಇರುತ್ತದೆ. ಹಳೆಯದೊಂದು ಪೆನ್ ಡ್ರೈವ್ ಎಂದೇ ತಿಳಿದು ತಾಯಿ ದೀಪಾವಳಿಯ ಶುಚಿಕಾರ್ಯದಲ್ಲಿ ಅದನ್ನು ಕಸದ ಬುಟ್ಟಿಗೆ ಹಾಕಿದರೂ ಆಶ್ಚರ್ಯಪಡುವಂತಿಲ್ಲ. ಅದರ ಹೆಸರು ಹಾರ್ಡ್‌ವೇರ್ ವಾಲೆಟ್. ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೊ ನಾಣ್ಯಗಳನ್ನು ಕೊಂಡವರು ಅವುಗಳ ರಕ್ಷಣೆಗೆಂದು ಬಳಸುವ ಬೀಗದ ಪೆಟ್ಟಿಗೆ ಅದು.

ಯಾವ ಕಂಪನಿಯ ಪೆಟ್ಟಿಗೆ ಒಳ್ಳೆಯದು, ಬೆಲೆ ಎಷ್ಟು, ತೆರೆ ದೊಡ್ಡದೋ ಚಿಕ್ಕದೋ ಎಂಬ ಚರ್ಚೆ ತರುಣರಲ್ಲಿ ಧಾರಾಳವಾಗಿ ನಡೆಯುತ್ತದೆ. ಚರ್ಚೆ ತಪ್ಪಲ್ಲ, ಆದರೆ ಅದು ಎರಡನೆಯ ಪ್ರಶ್ನೆ. ಪೆಟ್ಟಿಗೆಯೊಡನೆ ಹುಟ್ಟುವ 12 ಅಥವಾ 24 ಪದಗಳ ಒಂದು ಚೀಟಿ ಇದೆಯಷ್ಟೆ, ಅದು ಎಲ್ಲಿರಬೇಕು, ಅದು ಇದೆಯೆಂಬುದು ಮನೆಯಲ್ಲಿ ಯಾರಿಗೆ ತಿಳಿದಿರಬೇಕು ಎಂಬುದೇ ಮೊದಲನೆಯ ಪ್ರಶ್ನೆ. ಈ ಮೊದಲನೆಯ ಪ್ರಶ್ನೆಗೆ ಉತ್ತರವಿಲ್ಲದ ಮನೆಗೆ ಎಷ್ಟು ಬೆಲೆಯ ಪೆಟ್ಟಿಗೆ ಬಂದರೂ ಅದು ಹಿತ್ತಲಿನ ಕೊಪ್ಪರಿಗೆಯೇ ಸರಿ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕಾಗಿದೆ. ನಾಣ್ಯಗಳು ಆ ಪೆಟ್ಟಿಗೆಯ ಒಳಗೆ ಇರುವುದಿಲ್ಲ. ಜಗತ್ತಿನಾದ್ಯಂತ ಸಾವಿರಾರು ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಬರೆದಿಡುವ ಒಂದು ಸಾರ್ವಜನಿಕ ಖಾತೆ ಪುಸ್ತಕವಿದೆ; ಯಾವ ವಿಳಾಸಕ್ಕೆ ಎಷ್ಟು ನಾಣ್ಯ ಸೇರಿದೆ ಎಂಬ ಬರಹ ಅದರಲ್ಲಿರುತ್ತದೆ. ಆ ವಿಳಾಸದಿಂದ ಹಣವನ್ನು ಬೇರೆಡೆಗೆ ಕಳುಹಿಸುವ ಅಧಿಕಾರ ಒಂದು ಗುಪ್ತ ಸಂಖ್ಯೆಗೆ ಮಾತ್ರ ಇರುತ್ತದೆ. ಈ ಗುಪ್ತ ಸಂಖ್ಯೆಯೇ ಕೀಲಿಕೈ. ಹಾರ್ಡ್‌ವೇರ್ ವಾಲೆಟ್ ಮಾಡುವ ಕೆಲಸವೆಂದರೆ ಈ ಕೀಲಿಕೈಯನ್ನು ತನ್ನೊಳಗೇ ಹುಟ್ಟಿಸಿ, ತನ್ನೊಳಗೇ ಇಟ್ಟುಕೊಂಡು, ಎಂದೂ ಹೊರಗೆ ಬಿಡದಿರುವುದು. ಹಣ ಕಳುಹಿಸಬೇಕಾದಾಗ ಗಣಕಯಂತ್ರದಿಂದ ಬರುವ ಆದೇಶ ಪೆಟ್ಟಿಗೆಯೊಳಗೆ ಹೋಗುತ್ತದೆ. ತೆರೆಯ ಮೇಲೆ ಮೊತ್ತವೂ ವಿಳಾಸವೂ ಕಾಣಿಸುತ್ತವೆ. ಒಡೆಯ ಗುಂಡಿ ಒತ್ತಿದರೆ ಒಳಗಡೆಯೇ ಸಹಿ ಬಿದ್ದು, ಸಹಿಯಾದ ಆದೇಶವಷ್ಟೇ ಹೊರಗೆ ಬರುತ್ತದೆ. ಗಣಕಯಂತ್ರಕ್ಕೆ ವೈರಸ್ ತಗುಲಿದ್ದರೂ ಕೀಲಿಕೈಯನ್ನು ಅದು ಕದಿಯಲಾರದು. ಇಷ್ಟು ಮಟ್ಟಿಗೆ ಈ ಸಾಧನ ನಿಜಕ್ಕೂ ಉಪಯುಕ್ತವಾದುದು.

ಈ ಕೀಲಿಕೈ ಯಾರ ಕೈಯಲ್ಲಿರಬೇಕು ಎಂಬ ಪಾಠವನ್ನು ಪುಣೆ ನಗರ ಸಾಕಷ್ಟು ಬೆಲೆ ತೆತ್ತೇ ಕಲಿತಿದೆ. 2015ರ ಸುಮಾರಿಗೆ ಆರಂಭವಾದ ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ, ಬಿಟ್‌ಕಾಯಿನ್ ಹೂಡಿದವರಿಗೆ ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳ ಪ್ರತಿಫಲದ ಆಶ್ವಾಸನೆ ನೀಡಿತು. ತಿಂಗಳಿಗೆ ಶೇಕಡಾ 10 ಎಂದರೆ ಏನೆಂಬುದು ಬಡ್ಡಿ ಲೆಕ್ಕ ಬಲ್ಲ ಹಳ್ಳಿಯ ಮುದುಕನಿಗೂ ತಿಳಿಯಬೇಕಾದದ್ದು. ಆದರೂ ಪದವೀಧರರು ಮುಗಿಬಿದ್ದರು. ಹೂಡಿಕೆದಾರರು ತಮ್ಮ ನಾಣ್ಯಗಳನ್ನು ಯೋಜನೆಯವರ ವಶಕ್ಕೆ ಒಪ್ಪಿಸಿದರು. ಕೀಲಿಕೈಯೂ ಅವರದೇ ಆಯಿತು. ಪ್ರತಿಫಲ ನಿಂತಾಗ, ಬಿಟ್‌ಕಾಯಿನ್ ಬದಲು ಯೋಜನೆಯವರದೇ ಟಂಕಸಾಲೆಯ ಎಂಕ್ಯಾಪ್ ಎಂಬ ಟೋಕನ್ ಕೈಗೆ ಬಂದಿತು. 2018ರಲ್ಲಿ ದತ್ತವಾಡಿ ಮತ್ತು ನಿಗಡಿ ಠಾಣೆಗಳಲ್ಲಿ ದೂರು ದಾಖಲಾಗಿ, ಸೂತ್ರಧಾರನೆಂದು ಆರೋಪಿಸಲಾದ ಅಮಿತ್ ಭಾರದ್ವಾಜನನ್ನು ಆ ವರ್ಷದ ಏಪ್ರಿಲಿನಲ್ಲಿ ಪುಣೆ ಪೊಲೀಸರು ಬಂಧಿಸಿದರು. 2022ರ ಜನವರಿಯಲ್ಲಿ ಆತ ತೀರಿಕೊಂಡ. ಅದೇ ವರ್ಷದ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ, ವಾಲೆಟ್ಟಿನ ಬಳಕೆದಾರ ಹೆಸರನ್ನೂ ಪಾಸ್‌ವರ್ಡನ್ನೂ ಜಾರಿ ನಿರ್ದೇಶನಾಲಯಕ್ಕೆ ಒಪ್ಪಿಸಬೇಕೆಂದು ಆತನ ಸಹೋದರನಿಗೆ ಸೂಚಿಸಬೇಕಾಯಿತು. ದೇಶದ ಅತ್ಯುನ್ನತ ನ್ಯಾಯಪೀಠವೂ ಬೀಗ ಒಡೆಯುವ ಆಜ್ಞೆ ಮಾಡಲಾರದೆ ಕೀಲಿಕೈಯನ್ನು ಕೇಳಬೇಕಾದ ಸಂದರ್ಭವಿದು.

ಇದಕ್ಕಿಂತ ಕಹಿಯಾದ ಸಂಗತಿ ಮತ್ತೊಂದಿದೆ. ಈ ತನಿಖೆಯಲ್ಲಿ ಪೊಲೀಸರಿಗೆ ನೆರವಾಗಲೆಂದು ನೇಮಕಗೊಂಡಿದ್ದ ಇಬ್ಬರು ಸೈಬರ್ ತಜ್ಞರನ್ನು 2022ರ ಮಾರ್ಚಿನಲ್ಲಿ ಪುಣೆ ಪೊಲೀಸರೇ ಬಂಧಿಸಿದರು. ಅವರಲ್ಲೊಬ್ಬರು ಹಿಂದೆ ಐ.ಪಿ.ಎಸ್. ಅಧಿಕಾರಿಯಾಗಿದ್ದವರು. ಆರೋಪಿಗಳ ವಾಲೆಟ್‌ಗಳ ಗುಟ್ಟು ತಿಳಿದ ಮೇಲೆ ನಾಣ್ಯಗಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು, ಉಳಿಕೆಯನ್ನು ಕಡಿಮೆ ತೋರಿಸುವ ತಿದ್ದಿದ ಚಿತ್ರಗಳನ್ನು ಪೊಲೀಸರಿಗೆ ಕೊಟ್ಟರು ಎಂಬುದು ಅವರ ಮೇಲಿನ ಆರೋಪ. ಪ್ರಕರಣ ಮುಂದೆ 2023ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಸಿ.ಬಿ.ಐ.ಗೆ ಹೋಯಿತು, 2025ರ ಫೆಬ್ರವರಿಯಲ್ಲಿ ಪುಣೆ, ಕೊಲ್ಹಾಪುರ, ನಾಂದೇಡ, ಬೆಂಗಳೂರು ಸೇರಿದಂತೆ ಅರವತ್ತಕ್ಕೂ ಹೆಚ್ಚು ಸ್ಥಳಗಳಲ್ಲಿ ಶೋಧ ನಡೆದಾಗ ವಶವಾದ ವಸ್ತುಗಳಲ್ಲಿ ಹಲವು ಹಾರ್ಡ್‌ವೇರ್ ವಾಲೆಟ್‌ಗಳೂ ಇದ್ದವು. ಆರೋಪಗಳ ಸತ್ಯಾಸತ್ಯತೆಯನ್ನು ನ್ಯಾಯಾಲಯ ನಿರ್ಣಯಿಸಲಿ. ಸಾಮಾನ್ಯ ಸಂಸಾರಸ್ಥನಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಈ ಲೋಕದಲ್ಲಿ ಕೀಲಿಕೈಯನ್ನು ಕಂಡವನೇ ಧನಿಕ. ಕಂಡವನ ಗುರುತು ಚೀಟಿ ಯಾವುದು, ಆತ ಖಾಕಿ ತೊಟ್ಟವನೋ ಅಲ್ಲವೋ ಎಂದು ಆ ಖಾತೆ ಪುಸ್ತಕ ಕೇಳುವುದಿಲ್ಲ.

ಹಾಗಾದರೆ ನಾಣ್ಯಗಳನ್ನು ಕೊಂಡ ವಿನಿಮಯ ಕೇಂದ್ರದಲ್ಲಿಯೇ, ಅಂದರೆ ಎಕ್ಸ್‌ಚೇಂಜಿನಲ್ಲಿಯೇ, ಬ್ಯಾಂಕಿನಲ್ಲಿ ಠೇವಣಿ ಇಟ್ಟಂತೆ ಬಿಟ್ಟರಾಗದೆ ಎಂದು ಕೇಳುವವರಿದ್ದಾರೆ. ಹೋಲಿಕೆ ಸರಿಯಾದುದಲ್ಲ. ಪುಣೆಯದೇ ಆದ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ 2018ರ ಆಗಸ್ಟ್ 11 ಮತ್ತು 13ರಂದು ಸೈಬರ್ ಕಳ್ಳರು 94 ಕೋಟಿ ರೂಪಾಯಿಗೂ ಮಿಕ್ಕಿ ಹಣ ದೋಚಿದರು. ಆದರೆ ಆ ನಷ್ಟ ಬ್ಯಾಂಕಿನ ಮೇಲೆ ಬಿದ್ದಿತೇ ಹೊರತು ಖಾತೆದಾರರ ಪುಸ್ತಕದಿಂದ ಹೋಗಲಿಲ್ಲ. ರುಪೀ ಸಹಕಾರಿ ಬ್ಯಾಂಕಿನ ಪರವಾನಗಿ 2022ರಲ್ಲಿ ರದ್ದಾದಾಗ ಅನೇಕ ಹಿರಿಯರ ಕರುಳು ಕಿವುಚಿದಂತಾಯಿತು. ಆದರೂ 5 ಲಕ್ಷ ರೂಪಾಯಿಗಳವರೆಗಿನ ಠೇವಣಿಗೆ ವಿಮೆಯ ಆಸರೆ ಇದ್ದಿತು. ಕ್ರಿಪ್ಟೊ ನಾಣ್ಯಗಳಿಗೆ ಭಾರತದಲ್ಲಿ ಅಂತಹ ಠೇವಣಿ ವಿಮೆ ಇಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತೀಯ ವಿನಿಮಯ ಕೇಂದ್ರದಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ನಾಣ್ಯಗಳು ಕಳುವಾದವು. ಗ್ರಾಹಕರ ಖಾತೆಗಳು ಸ್ತಬ್ಧವಾಗಿ, ಸಿಂಗಪುರದ ನ್ಯಾಯಾಲಯದಲ್ಲಿ ಯೋಜನೆಗೆ ಒಪ್ಪಿಗೆ ದೊರೆತು, ವ್ಯವಹಾರ ಪುನಃ ಆರಂಭವಾಗುವ ವೇಳೆಗೆ 2025ರ ಅಕ್ಟೋಬರ್ ಬಂದಿತ್ತು. ಮಗಳ ಮದುವೆಗೋ ಕಾಲೇಜಿನ ಶುಲ್ಕಕ್ಕೋ ಆ ಹಣವನ್ನು ನೆಚ್ಚಿಕೊಂಡಿದ್ದವರ ಹದಿನೈದು ತಿಂಗಳ ನಿದ್ರೆಗೆ ಪರಿಹಾರ ಕೊಟ್ಟವರಾರು?

ಆದರೆ ಇದೇ ಪ್ರಕರಣದ ಒಳಗೆ ಹಾರ್ಡ್‌ವೇರ್ ವಾಲೆಟ್ ಭಕ್ತರು ಓದಬೇಕಾದ ಅಧ್ಯಾಯವೊಂದಿದೆ. ಕಳುವಾದ ನಾಣ್ಯಗಳ ಬೀಗಕ್ಕೆ ಹಲವರ ಸಹಿ ಬೇಕಾಗಿತ್ತು. ಸಂಸ್ಥೆಯೇ ಹೇಳಿಕೊಂಡಂತೆ ಅದರ ಸಹಿದಾರರು ಹಾರ್ಡ್‌ವೇರ್ ವಾಲೆಟ್‌ಗಳನ್ನೇ ಬಳಸುತ್ತಿದ್ದರು. ಕೀಲಿಕೈಯನ್ನು ಯಾರೂ ಕದಿಯಬೇಕಾಗಲೇ ಇಲ್ಲ. ಗಣಕಯಂತ್ರದ ಪರದೆಯ ಮೇಲೆ ಕಂಡ ವ್ಯವಹಾರವೇ ಬೇರೆ, ಸಹಿ ಬಿದ್ದ ವ್ಯವಹಾರವೇ ಬೇರೆ ಆಗಿದ್ದಿತು. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ವಿದೇಶೀ ಕೇಂದ್ರ ಸುಮಾರು 150 ಕೋಟಿ ಡಾಲರ್ ಕಳೆದುಕೊಂಡದ್ದೂ ಇದೇ ಮಾರ್ಗದಲ್ಲಿ. ಬರೆದಿರುವುದನ್ನು ಓದದೆ ಮುದ್ರಾಂಕದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ರೈತನ ಸ್ಥಿತಿಗೂ ಇದಕ್ಕೂ ವ್ಯತ್ಯಾಸವೇನು? ಹೆಬ್ಬೆಟ್ಟು ರೈತನದೇ, ಶಾಯಿಯೂ ಅಸಲಿಯೇ. ಕಾಗದ ಮಾತ್ರ ಬೇರೆ.

ಈ ಹಿನ್ನೆಲೆಯಲ್ಲಿ ಪೆಟ್ಟಿಗೆಯ ಆಯ್ಕೆಯನ್ನು ಕುರಿತು ಹೇಳಬೇಕಾದದ್ದು ಹೆಚ್ಚೇನಿಲ್ಲ. ಪ್ರಾಗ್ ನಗರದ ಸತೋಶಿಲ್ಯಾಬ್ಸ್ 2014ರಲ್ಲಿ ಟ್ರೆಜರ್ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು; ಅದೇ ವರ್ಷ ಸ್ಥಾಪನೆಯಾದ ಫ್ರಾನ್ಸಿನ ಲೆಜರ್ ಸಂಸ್ಥೆ ಬಳಿಕ ತನ್ನ ಪೆಟ್ಟಿಗೆಗಳನ್ನು ತಂದಿತು. ಮೊದಲನೆಯದರ ಹೆಗ್ಗಳಿಕೆ ಅದರ ಒಳಗಿನ ಲಿಪಿಯನ್ನು ಯಾರಾದರೂ ಪರೀಕ್ಷಿಸಬಹುದೆಂಬುದು. ಎರಡನೆಯದರ ಹೆಗ್ಗಳಿಕೆ ಬ್ಯಾಂಕ್ ಕಾರ್ಡುಗಳಲ್ಲಿರುವಂತಹ ಸುರಕ್ಷಿತ ಚಿಪ್. 2020ರ ಜನವರಿಯಲ್ಲಿ ಕ್ರಾಕೆನ್ ಸಂಸ್ಥೆಯ ಪ್ರಯೋಗಶಾಲೆ, ಆಗಿನ ಟ್ರೆಜರ್ ಪೆಟ್ಟಿಗೆ ಹದಿನೈದು ನಿಮಿಷ ಕೈಗೆ ಸಿಕ್ಕರೆ ಕೀಲಿಕೈಯನ್ನು ಹೊರತೆಗೆಯಬಹುದೆಂದು ತೋರಿಸಿಕೊಟ್ಟಿತು. 2023ರಿಂದ ಬಂದ ಆ ಕಂಪನಿಯ ಹೊಸ ಮಾದರಿಗಳಲ್ಲಿ ಸುರಕ್ಷಿತ ಚಿಪ್ ಸೇರಿದೆ. ಲೆಜರ್ ಸಂಸ್ಥೆ 2023ರ ಮೇ ತಿಂಗಳಲ್ಲಿ ಕೀಲಿಕೈಯನ್ನು ಮೂರು ಚೂರು ಮಾಡಿ ಮೂರು ಸಂಸ್ಥೆಗಳಲ್ಲಿ ಇಡುವ ಐಚ್ಛಿಕ ಸೇವೆಯನ್ನು ಸಾರಿದಾಗ, ಕೀಲಿಕೈ ಎಂದೂ ಹೊರಬರುವುದಿಲ್ಲವೆಂದು ನಂಬಿದ್ದ ಗ್ರಾಹಕರು ಕೆರಳಿದರು. ಗುರುಗ್ರಾಮದ ಸೈಫರಾಕ್ ಎಂಬ ಭಾರತೀಯ ಕಂಪನಿ ಕೀಲಿಕೈಯನ್ನು ಒಂದು ಸಾಧನ ಮತ್ತು ನಾಲ್ಕು ಕಾರ್ಡುಗಳ ನಡುವೆ ಹಂಚುವ ಬೇರೊಂದು ದಾರಿ ಹಿಡಿದಿದೆ. ಒಂದು ಕಾರ್ಡ್ ಕಳೆದರೂ ಹಣ ಕಳೆಯುವುದಿಲ್ಲ.

ಇವುಗಳಲ್ಲಿ ಯಾವುದನ್ನು ಕೊಂಡರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ ಎಂಬ ಮಾತು ವ್ಯಾಪಾರಿಗಳಿಗೆ ಹಿಡಿಸಲಾರದು, ಆದರೆ ನಿಜ. ವ್ಯತ್ಯಾಸವಾಗುವುದು ಎರಡು ವಿಷಯಗಳಲ್ಲಿ. ತೆರೆಯ ಮೇಲೆ ಮೊತ್ತವೂ ವಿಳಾಸವೂ ಪೂರ್ತಿಯಾಗಿ, ಕನ್ನಡಕವಿಟ್ಟು ಓದುವಷ್ಟು ದೊಡ್ಡದಾಗಿ ಕಾಣಬೇಕು. ವಜೀರ್‌ಎಕ್ಸ್ ಪ್ರಕರಣವನ್ನು ತಿಳಿದ ಮೇಲೆ ಇದನ್ನು ಅಲಂಕಾರದ ಮಾತೆಂದು ಯಾರೂ ತಳ್ಳಿಹಾಕಲಾರರು. ಮತ್ತೊಂದು, ಪೆಟ್ಟಿಗೆಯನ್ನು ತಯಾರಕರಿಂದಲೋ ಅವರು ಒಪ್ಪಿದ ಮಾರಾಟಗಾರರಿಂದಲೋ ಹೊಸದಾಗಿಯೇ ಕೊಳ್ಳಬೇಕು. ಗೆಳೆಯನ ಹಳೆಯ ಪೆಟ್ಟಿಗೆ, ಅಂತರಜಾಲದಲ್ಲಿ ಅರ್ಧ ಬೆಲೆಗೆ ದೊರೆತ ಪೆಟ್ಟಿಗೆ ಬೇಡ. ಡಬ್ಬಿ ತೆರೆದಾಗ ಪದಗಳನ್ನು ಮೊದಲೇ ಮುದ್ರಿಸಿದ ಚೀಟಿ ಒಳಗಿದ್ದರೆ ಅದು ಅನುಕೂಲವಲ್ಲ, ಮೋಸ. ಆ ಪದಗಳನ್ನು ಮುದ್ರಿಸಿದವನ ಬಳಿ ಇನ್ನೊಂದು ಪ್ರತಿ ಇದ್ದೇ ಇರುತ್ತದೆ.

ಇನ್ನು ಚೀಟಿಯ ವಿಚಾರ. ಪೆಟ್ಟಿಗೆಯನ್ನು ಮೊದಲ ಬಾರಿ ಚಾಲೂ ಮಾಡಿದಾಗ ತೆರೆಯ ಮೇಲೆ ಒಂದೊಂದಾಗಿ ಪದಗಳು ಮೂಡುತ್ತವೆ. 2013ರಲ್ಲಿ ರೂಪಿಸಿದ ಒಂದು ಪದ್ಧತಿಯಂತೆ 2048 ಪದಗಳ ನಿಗದಿತ ಪಟ್ಟಿಯಿಂದ ಆರಿಸಿದ ಪದಗಳು ಇವು. ಕೀಲಿಕೈಯ ಉದ್ದನೆಯ ಸಂಖ್ಯೆಯನ್ನು ಮನುಷ್ಯರು ಬರೆದುಕೊಳ್ಳಬಹುದಾದ ಪದಗಳಾಗಿ ಮಾರ್ಪಡಿಸಿದ್ದಾರೆ, ಅಷ್ಟೆ. ಪೆಟ್ಟಿಗೆ ಒಡೆದರೂ ಕಳೆದರೂ ಸುಟ್ಟರೂ ಚಿಂತೆಯಿಲ್ಲ; ಅದೇ ಪದಗಳನ್ನು ಅದೇ ಕ್ರಮದಲ್ಲಿ ಇನ್ನೊಂದು ಪೆಟ್ಟಿಗೆಗೆ ಹೇಳಿದರೆ ಹಣವೆಲ್ಲ ಮರಳಿ ದೊರೆಯುತ್ತದೆ. ಚೀಟಿ ಕಳೆದು ಪೆಟ್ಟಿಗೆಯೂ ಕೆಟ್ಟರೆ ಕೇಳುವ ದೇವರೇ ಇಲ್ಲ. ಚೀಟಿ ಪರರ ಕೈ ಸೇರಿದರೆ ಪೆಟ್ಟಿಗೆ ತಿಜೋರಿಯಲ್ಲಿ ಭದ್ರವಾಗಿದ್ದಂತೆಯೇ ಹಣ ಹೋಗುತ್ತದೆ. ಹತ್ತು ಸಾವಿರ ರೂಪಾಯಿಯ ಯಂತ್ರಕ್ಕೆ ಮಖಮಲ್ಲಿನ ಚೀಲ ಹೊಲಿಸಿ, ಲಕ್ಷಾಂತರ ಬಾಳುವ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡುವ ವಿಚಿತ್ರ ಬುದ್ಧಿಗೆ ಏನೆನ್ನಬೇಕು? ಆ ಫೋಟೊ ಮೊಬೈಲಿನಿಂದ ಗೂಗಲ್ಲಿನ ಖಾತೆಗೂ, ಅಲ್ಲಿಂದ ಮನೆಯ ಮತ್ತೊಂದು ಗಣಕಯಂತ್ರಕ್ಕೂ ತಾನಾಗಿಯೇ ಪಯಣಿಸಬಲ್ಲದು. ಕೀಲಿಕೈಯನ್ನು ಅಂತರಜಾಲದಿಂದ ದೂರವಿಡಲೆಂದೇ ಕೊಂಡ ಪೆಟ್ಟಿಗೆ ಅಲ್ಲಿಗೆ ವ್ಯರ್ಥವಾಯಿತು.

ಈ ಪದಪಟ್ಟಿ ಇಂಗ್ಲಿಷ್, ಜಪಾನಿ, ಫ್ರೆಂಚ್ ಮೊದಲಾದ ಕೆಲವೇ ಭಾಷೆಗಳಲ್ಲಿದೆ, ಕನ್ನಡದಲ್ಲಿ ಇಲ್ಲ. ಭಾಷಾಭಿಮಾನದ ದೃಷ್ಟಿಯಿಂದ ವಿಷಾದಕರವಾದರೂ ಇದರಲ್ಲೊಂದು ವ್ಯಾವಹಾರಿಕ ಎಚ್ಚರಿಕೆ ಅಡಗಿದೆ. ಪದಗಳನ್ನು ಕನ್ನಡ ಲಿಪಿಯಲ್ಲಿ ಉಚ್ಚಾರದಂತೆ ಬರೆದಿಟ್ಟರೆ ಹತ್ತು ವರ್ಷಗಳ ನಂತರ ಓದುವವರಿಗೆ ಮೂಲ ಅಕ್ಷರ ಯಾವುದೆಂಬ ಗೊಂದಲ ತಪ್ಪದು. ಇಂಗ್ಲಿಷಿನಲ್ಲಿಯೇ, ಬಿಡಿ ದೊಡ್ಡಕ್ಷರಗಳಲ್ಲಿ, ಅನುಕ್ರಮ ಸಂಖ್ಯೆಯೊಡನೆ ಬರೆಯಬೇಕು. ಇಂಗ್ಲಿಷ್ ಪಟ್ಟಿಯ ಪ್ರತಿ ಪದವೂ ಮೊದಲ ನಾಲ್ಕು ಅಕ್ಷರಗಳಲ್ಲಿಯೇ ಉಳಿದವುಗಳಿಂದ ಬೇರೆಯಾಗಿ ಗುರುತಿಗೆ ಸಿಗುವಂತೆ ಆರಿಸಿರುವುದರಿಂದ ಆ ನಾಲ್ಕಕ್ಷರ ಸ್ಪಷ್ಟವಾಗಿದ್ದರೂ ಸಾಕು. ಇದು ತಿಳಿದಿದ್ದರೆ ಇಂಗ್ಲಿಷ್ ಹೆಚ್ಚು ಬಾರದ ಅಜ್ಜಿಯೂ ಸಮಯ ಬಂದಾಗ ಅಕ್ಷರ ನೋಡಿ ಓದಿ ಹೇಳಬಲ್ಲರು.

ಕಾಗದದ ಆಯುಷ್ಯದ ವಿಷಯವನ್ನು ಪುಣೆಯವರಿಗೆ ಹೇಳಬೇಕಾದದ್ದಿಲ್ಲ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪೇಟೆಗಳಿಗೆ ನುಗ್ಗಿದಾಗ ಮನೆಮನೆಯ ದಸ್ತಾವೇಜುಗಳು ಹೇಗೆ ಕೆಸರಾದವೆಂಬುದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ವಸತಿಗಳ ನೆಲಮಾಳಿಗೆಗಳಿಗೂ ನೆಲ ಅಂತಸ್ತಿಗೂ ನೀರು ನುಗ್ಗಿದ್ದು ನಿನ್ನೆಯ ಮಾತು. ನೀರು ನುಗ್ಗದಿದ್ದರೂ ಮಳೆಗಾಲದ ತೇವ, ಗೆದ್ದಲು, ಶಾಯಿ ಮಾಸುವಿಕೆ ಇದ್ದೇ ಇವೆ. ಲೋಹದ ತಗಡಿನ ಮೇಲೆ ಅಕ್ಷರಗಳನ್ನು ಅಚ್ಚೊತ್ತಿ ಇಡುವುದು ಒಳ್ಳೆಯ ಉಪಾಯ. ಕದಂಬರೂ ಚಾಲುಕ್ಯರೂ ದಾನಪತ್ರಗಳನ್ನು ತಾಮ್ರದ ಹಲಗೆಗಳ ಮೇಲೆ ಕೆತ್ತಿಸಿದ್ದರಿಂದಲೇ ಅವು ಇಂದಿಗೂ ಓದಲು ದೊರೆಯುತ್ತವೆ. ಆದರೆ ಕಸಬಾ ಪೇಟೆಯ ತಾಂಬಟ್ ಆಳಿಯಲ್ಲಿ ತಾಮ್ರದ ತಗಡು ಕೊಳ್ಳಬಹುದೇ ವಿನಾ ಪದಗಳನ್ನು ಅಲ್ಲಿಯ ಕಂಚುಗಾರರಿಂದ ಕೆತ್ತಿಸಕೂಡದು. ಪಾತ್ರೆಯ ಅಂಗಡಿಯಲ್ಲಿ ಲೋಟದ ಮೇಲೆ ಹೆಸರು ಹಾಕಿಸಿದಂತೆ ಹಾಕಿಸುವ ವಸ್ತು ಇದಲ್ಲ. ಅಕ್ಷರದ ಅಚ್ಚುಗಳೂ ಒಂದು ಸುತ್ತಿಗೆಯೂ ಇದ್ದರೆ ಒಂದು ಭಾನುವಾರದ ಮಧ್ಯಾಹ್ನ ಮನೆಯಲ್ಲಿಯೇ ಕೆಲಸ ಮುಗಿಯುತ್ತದೆ. ನೆರೆಮನೆಯವರು ಸದ್ದು ಮಾಡಿದಿರೆಂದು ಬೈದರೆ ಬೈಯಲಿ.

ಈ ಪದಗಳನ್ನು ಕೇಳುವ ಹಕ್ಕು ಪ್ರಪಂಚದಲ್ಲಿ ಯಾವ ಕಂಪನಿಗೂ ಇಲ್ಲ ಎಂಬುದನ್ನು ಮನೆಯವರೆಲ್ಲರೂ ಬಾಯಿಪಾಠ ಮಾಡಬೇಕು. 2020ರಲ್ಲಿ ಲೆಜರ್ ಸಂಸ್ಥೆಯ ಗ್ರಾಹಕರ ಪಟ್ಟಿ ಸೋರಿಹೋಗಿ, ಸುಮಾರು 2,72,000 ಜನರ ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆಗಳು ಬಯಲಾದವು. ಮರುವರ್ಷ ಅಂಥವರಲ್ಲಿ ಕೆಲವರ ಮನೆಗೆ ಅಂಚೆಯಲ್ಲಿ ಹೊಚ್ಚಹೊಸ ಪೆಟ್ಟಿಗೆಗಳು ಬಂದವು: ಹಳೆಯದು ಅಸುರಕ್ಷಿತವಾಗಿದೆ, ಈ ಹೊಸದರಲ್ಲಿ ಪದಗಳನ್ನು ತುಂಬಿರಿ ಎಂಬ ಒಕ್ಕಣೆಯೊಡನೆ. ಪೆಟ್ಟಿಗೆ ನಕಲಿ. ಪದ ತುಂಬಿದವರ ನಾಣ್ಯ ಕಳ್ಳರ ಪಾಲು. ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆಯಲ್ಲಿ ಹಿರಿಯರನ್ನು ಗಂಟೆಗಟ್ಟಲೆ ಕೂರಿಸಿ ಹಣ ಕೀಳುವ "ಡಿಜಿಟಲ್ ಅರೆಸ್ಟ್" ವಂಚಕರು ಪುಣೆಯಲ್ಲಿಯೂ ಇದ್ದಾರೆ. ಬ್ಯಾಂಕಿನ ವಿಷಯದಲ್ಲಾದರೆ 1930ಕ್ಕೆ ಕೂಡಲೇ ಕರೆ ಮಾಡಿದಲ್ಲಿ ಹಣವನ್ನು ಮಾರ್ಗಮಧ್ಯದಲ್ಲಿ ತಡೆಯುವ ಸಂಭವವಿದೆ. ಇಲ್ಲಿ ಸಹಿ ಬಿದ್ದು ಖಾತೆ ಪುಸ್ತಕಕ್ಕೆ ಏರಿದ ವ್ಯವಹಾರವನ್ನು ಹಿಂದಕ್ಕೆ ತರುವ ಅಧಿಕಾರಿ ಯಾರೂ ಇಲ್ಲ.

ಹೀಗೆ ಪರರಿಂದ ಕಾಪಾಡುವ ಮಾತಾಯಿತು. ಕಷ್ಟವಾದ ಮಾತು ಇನ್ನೂ ಇದೆ. ಮೊದಲು ಹೇಳಿದ ಯಜಮಾನನ ಮಾತು. ಇದೇ ಸಂಚಿಕೆಯ ಬೇರೆ ಪುಟಗಳಲ್ಲಿ ವೈದ್ಯರು ಹೃದಯಾಘಾತ, ಪಾರ್ಶ್ವವಾಯು, ಮರೆವಿನ ರೋಗಗಳನ್ನು ಕುರಿತು ಬರೆಯುವುದನ್ನು ವಾಚಕರು ಗಮನವಿಟ್ಟು ಓದುತ್ತಾರೆ. ಪಾರ್ಶ್ವವಾಯು ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕಸಿದುಕೊಳ್ಳಬಲ್ಲದೆಂದು ತಿಳಿದವರು, ತಮ್ಮ ಹಣದ ಗುಟ್ಟನ್ನು ಆ ಬಲಗೈ ಮತ್ತು ಮಾತಿಗಷ್ಟೇ ಒಪ್ಪಿಸಿರುವುದು ವಿಪರ್ಯಾಸ. ಲೆಜರ್ ಪೆಟ್ಟಿಗೆಯಲ್ಲಿ ಪಿನ್ ಸಂಖ್ಯೆಯನ್ನು ಮೂರು ಬಾರಿ ತಪ್ಪಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಕಳ್ಳನ ವಿರುದ್ಧ ಮಾಡಿದ ಈ ಏರ್ಪಾಟು, ನೆನಪು ಮಬ್ಬಾದ ಒಡೆಯನನ್ನೂ ಕಳ್ಳನಂತೆಯೇ ನಡೆಸಿಕೊಳ್ಳುತ್ತದೆ.

2018ರ ಡಿಸೆಂಬರಿನಲ್ಲಿ ಜಯಪುರಕ್ಕೆ ಬಂದಿದ್ದ ಮೂವತ್ತು ವರ್ಷದ ಕೆನಡಾ ಪ್ರಜೆ ಜೆರಾಲ್ಡ್ ಕಾಟನ್ ಕರುಳಿನ ಕಾಯಿಲೆ ಉಲ್ಬಣಿಸಿ ಅಲ್ಲಿಯೇ ತೀರಿಕೊಂಡ. ಆತ ಕ್ವಾಡ್ರಿಗಾ ಎಂಬ ವಿನಿಮಯ ಕೇಂದ್ರದ ಒಡೆಯ. ಗ್ರಾಹಕರ ನಾಣ್ಯಗಳ ಕೀಲಿಕೈ ಆತನೊಬ್ಬನಿಗೇ ಗೊತ್ತಿದ್ದಿತೆಂದು ಸಂಸ್ಥೆ ಸಾರಿತು. ಹಣದ ಬಹುಪಾಲನ್ನು ಆತ ಬದುಕಿದ್ದಾಗಲೇ ದುರುಪಯೋಗ ಮಾಡಿದ್ದನೆಂದು 2020ರಲ್ಲಿ ಒಂಟಾರಿಯೊ ಪ್ರಾಂತದ ನಿಯಂತ್ರಕರು ಪ್ರಕಟಿಸಿದರು. ವಂಚನೆಯ ಭಾಗವನ್ನು ಬದಿಗಿಟ್ಟರೂ, ಕೀಲಿಕೈ ಸತ್ತವನೊಡನೆ ಹೋಯಿತೆಂಬ ಮಾತನ್ನು ಸಾವಿರಾರು ಜನ ತಿಂಗಳುಗಟ್ಟಲೆ ನಂಬಿದರೆಂಬುದೇ ಈ ವ್ಯವಸ್ಥೆಯ ದೌರ್ಬಲ್ಯಕ್ಕೆ ಸಾಕ್ಷಿ. ವೇಲ್ಸ್‌ನ ನ್ಯೂಪೋರ್ಟ್ ನಗರದ ಜೇಮ್ಸ್ ಹೊವೆಲ್ಸ್ 2013ರಲ್ಲಿ ಕಸಕ್ಕೆ ಹೋದ ಹಾರ್ಡ್ ಡಿಸ್ಕಿನಲ್ಲಿ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಕೈಯನ್ನು ಕಳೆದುಕೊಂಡು, ನಗರದ ಕಸದ ಗುಡ್ಡವನ್ನು ಅಗೆಯಲು ಅನುಮತಿ ಬೇಡಿ ಸೋತ. 2025ರ ಜನವರಿಯಲ್ಲಿ ನ್ಯಾಯಾಲಯ ಅವನ ಅರ್ಜಿಯನ್ನು ತಳ್ಳಿಹಾಕಿತು. ಹಿತ್ತಲು ಅಗೆದ ಮಕ್ಕಳ ಕಥೆಗೆ ಇದಕ್ಕಿಂತ ನಿಕಟವಾದ ಸಂಬಂಧಿ ಸಿಗಲಾರದು.

ಬ್ಯಾಂಕಿನ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮನಿರ್ದೇಶನ ಮಾಡಬಹುದಾಗಿದೆ. ಮನೆಯ ಪೆಟ್ಟಿಗೆಗೆ ನಾಮನಿರ್ದೇಶನದ ನಮೂನೆ ಇಲ್ಲ. ಅದನ್ನು ಮನೆಯವರೇ ರೂಪಿಸಿಕೊಳ್ಳಬೇಕು. ಪುಣೆಯ ಕನ್ನಡ ಕುಟುಂಬಗಳಲ್ಲಿ ಇದು ಇನ್ನೂ ಜಟಿಲ. ಮಗ ಇಲ್ಲಿ, ತಂದೆತಾಯಿ ಹುಬ್ಬಳ್ಳಿಯಲ್ಲಿಯೋ ಕಲಬುರ್ಗಿಯಲ್ಲಿಯೋ, ಮಗಳು ಅಮೆರಿಕದಲ್ಲಿ, ಸೊಸೆಗೆ ಈ ವ್ಯವಹಾರದ ಗಂಧವೇ ಇಲ್ಲ. ಮಗ ಕ್ರಿಪ್ಟೊ ಕೊಂಡಿರುವುದು ತಂದೆಗೆ ತಿಳಿದರೆ ಜೂಜೆಂದು ಬೈದಾರೆಂಬ ಅಂಜಿಕೆಯಿಂದಲೇ ಬಹುಮಟ್ಟಿಗೆ ಗುಟ್ಟು ಬೆಳೆಯುತ್ತದೆ. ತಂದೆಯ ಬೈಗುಳದಲ್ಲಿಯೂ ಅರ್ಥವಿದೆ: 2021ರ ನವೆಂಬರಿನಲ್ಲಿ 69,000 ಡಾಲರ್ ಮುಟ್ಟಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16,000ಕ್ಕೂ ಕೆಳಗೆ ಬಿದ್ದಿತ್ತು. ಆದರೂ ಬೈಸಿಕೊಳ್ಳುವುದೇ ಮೇಲು. ಬೈಗುಳ ಒಂದು ಸಂಜೆಯದು.

ಏರ್ಪಾಟು ಹೀಗಿರಬಹುದು. ಚೀಟಿಯ ಎರಡು ಪ್ರತಿಗಳು ಎರಡು ಊರುಗಳಲ್ಲಿ, ಒಂದು ಪುಣೆಯ ಬ್ಯಾಂಕ್ ಲಾಕರಿನಲ್ಲಿ, ಇನ್ನೊಂದು ಊರಿನ ಮನೆಯ ಕಪಾಟಿನಲ್ಲಿ, ಮೊಹರು ಮಾಡಿದ ಲಕೋಟೆಯಲ್ಲಿರಲಿ. ಲಾಕರು ಪತಿಪತ್ನಿಯರ ಜಂಟಿ ಹೆಸರಿನಲ್ಲಿರಲಿ. ಪೆಟ್ಟಿಗೆ ಇದೆ, ಚೀಟಿ ಇಂಥ ಕಡೆ ಇದೆ, ಆಪತ್ತಿನಲ್ಲಿ ಇಂಥ ನಂಟನನ್ನೋ ಸ್ನೇಹಿತನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಹೀಗೆ ಮಾಡಿರಿ, ಯಾರ ಕೈಗೂ ಚೀಟಿಯನ್ನು ಕೊಟ್ಟು ಕಳುಹಿಸಬೇಡಿರಿ ಎಂಬ ಒಂದು ಪುಟದ ಪತ್ರ ಕನ್ನಡದಲ್ಲಿಯೇ ಇರಲಿ. ಉಯಿಲಿನಲ್ಲಿ ಈ ಆಸ್ತಿಯ ಉಲ್ಲೇಖವಿರಬೇಕು, ಪದಗಳು ಮಾತ್ರ ಇರಕೂಡದು. ಉಯಿಲು ಹಲವರ ಕಣ್ಣಿಗೆ ಬೀಳುವ ಕಾಗದ. ಆದಾಯ ತೆರಿಗೆಯ ಲೆಕ್ಕವನ್ನೂ ಸರಿಯಾಗಿಟ್ಟಿರಬೇಕು. 2022ರ ಏಪ್ರಿಲ್ 1ರಿಂದ ಈ ನಾಣ್ಯಗಳ ಲಾಭಕ್ಕೆ ಶೇಕಡಾ 30 ತೆರಿಗೆ ಇದೆ. ಕೊಂಡ ದಾಖಲೆಗಳು ಇಲ್ಲದಿದ್ದರೆ ವಾರಸುದಾರರಿಗೆ ಕೀಲಿಕೈಯ ಜೊತೆಗೆ ತಲೆನೋವನ್ನೂ ಬಿಟ್ಟುಹೋದಂತೆ. ಪದಗಳ ಮೇಲೆ ಇನ್ನೊಂದು ರಹಸ್ಯ ಪದವನ್ನು ಸೇರಿಸಿ ಮನಸ್ಸಿನಲ್ಲಿಟ್ಟುಕೊಳ್ಳುವ ಸೌಕರ್ಯ ಕೆಲವು ಪೆಟ್ಟಿಗೆಗಳಲ್ಲಿದೆ. ಪರಿಣತರು ಅದನ್ನು ಹೊಗಳುತ್ತಾರೆ. ಸಂಸಾರಸ್ಥರಿಗೆ ಅದು ಬೇಡ. ಮನಸ್ಸಿನಲ್ಲಿಟ್ಟದ್ದು ಮನಸ್ಸಿನೊಡನೆಯೇ ಹೋಗುತ್ತದೆ.

ಇಷ್ಟು ಏರ್ಪಾಟು ತಮ್ಮಿಂದಾಗದು ಎನ್ನುವವರು ಪೆಟ್ಟಿಗೆಯನ್ನು ಕೊಳ್ಳದಿರುವುದೇ ಲೇಸು. ಅಲ್ಪ ಮೊತ್ತವನ್ನು ನೋಂದಾಯಿತ ವಿನಿಮಯ ಕೇಂದ್ರದಲ್ಲಿಟ್ಟು, ಹೋದರೆ ಹೋಯಿತೆಂಬ ನಿಶ್ಚಯದಿಂದಿರಬಹುದು. ಅಥವಾ ಆ ಹಣವನ್ನೇ ಅಂಚೆ ಕಚೇರಿಗೆ ಒಯ್ಯಬಹುದು. ಇದನ್ನು ಹಿಂದುಳಿದ ಬುದ್ಧಿಯೆಂದು ನಗುವವರು, ತಮ್ಮ ಮನೆಯಲ್ಲಿ ತಮ್ಮನ್ನು ಬಿಟ್ಟು ಇನ್ನೊಬ್ಬರಿಗೆ ಆ ಪೆಟ್ಟಿಗೆಯ ಹೆಸರಾದರೂ ಗೊತ್ತಿದೆಯೇ ಎಂದು ಮೊದಲು ವಿಚಾರಿಸಿ ನೋಡಲಿ.

ಕೊಳ್ಳಲೇಬೇಕೆಂದು ನಿಶ್ಚಯಿಸಿದವರು ಹಣವೆಲ್ಲವನ್ನೂ ಅದಕ್ಕೆ ವರ್ಗಾಯಿಸುವ ಮೊದಲು ಒಂದು ತಾಲೀಮು ನಡೆಸಬೇಕು. ಐನೂರೋ ಸಾವಿರವೋ ರೂಪಾಯಿ ಬೆಲೆಯ ನಾಣ್ಯವನ್ನು ಪೆಟ್ಟಿಗೆಯ ವಿಳಾಸಕ್ಕೆ ಕಳುಹಿಸಿ, ಬೇಕೆಂದೇ ಪೆಟ್ಟಿಗೆಯನ್ನು ಪೂರ್ತಿ ಅಳಿಸಿ, ಅದನ್ನೂ ಚೀಟಿಯನ್ನೂ ಕನ್ನಡದ ಆ ಪತ್ರವನ್ನೂ ಹೆಂಡತಿಯ ಅಥವಾ ಗಂಡನ ಮುಂದಿಟ್ಟು, ಒಡೆಯ ಬಾಯಿ ತೆರೆಯದೆ ಪಕ್ಕದಲ್ಲಿ ಕುಳಿತಿರಬೇಕು. ಪತ್ರವನ್ನು ಓದಿಕೊಂಡು ಅವರು ಆ ನಾಣ್ಯವನ್ನು ತಾವಾಗಿಯೇ ಮರಳಿ ಪಡೆದ ದಿನ ಉಳಿದ ಹಣವನ್ನು ವರ್ಗಾಯಿಸಬಹುದು. ಎಡವಿದ ಕಡೆಯಲ್ಲಿ ಪತ್ರವನ್ನು ತಿದ್ದಿ ಬರೆದು, ಮುಂದಿನ ಭಾನುವಾರ ಮತ್ತೊಮ್ಮೆ ಕುಳಿತುಕೊಳ್ಳಬೇಕು.